ಕೂಸಿನ ಕಸುವು ಅಳೆಯುವುದು ಹೇಗೆ?

ಈ ತಿಂಗಳ ಅಂಚೆಯಲ್ಲಿ ಅಕ್ಕಲಕೋಟೆ ಕಡೆಯ ಸೋದರಿಯೊಬ್ಬರ ಪತ್ರ ಬಂದಿದೆ. ನಾಲ್ಕು ಪುಟದ ಪತ್ರ. ಮೂರೂವರೆ ಪುಟ ಮನೆಯವರ ಮಾತು, ಅರ್ಧ ಪುಟ ಪ್ರಶ್ನೆ. ಅವರ ಮಗನಿಗೆ ಹದಿನಾಲ್ಕು ತಿಂಗಳು ತುಂಬಿದೆ. ಗೋಡೆ ಹಿಡಿದು ಪಡಸಾಲೆಯನ್ನೆಲ್ಲ ಸುತ್ತುತ್ತಾನೆ, ಕೈ ಬಿಟ್ಟ ಕೂಡಲೇ ಕುಕ್ಕರಿಸಿ ಕೂತುಬಿಡುತ್ತಾನೆ. ಮೈದುನನ ಮಗ ಹತ್ತು ತಿಂಗಳಿಗೇ ನಡೆದವನು. ಅಲ್ಲಿಂದ ಮನೆಯಲ್ಲಿ ದಿನವೂ ಹೋಲಿಕೆ ಶುರುವಾಗಿದೆ. ಅತ್ತೆಯವರು "ತಾಯಿ ಹಾಲು ನೀರಾಗೈತಿ" ಎನ್ನುತ್ತಾರೆ, ಮಾವನವರು ಅಂಗಡಿಯ ಕಾಟಾದ ಮೇಲೆ ಕೂಸನ್ನು ಕೂರಿಸಿ ಒಂಬತ್ತು ಮುಕ್ಕಾಲು ಕಿಲೋ ಎಂದು ತೂಗಿ "ಕಮ್ಮಿ ಆತು" ಎನ್ನುತ್ತಾರೆ, ಸೋದರಮಾವ ಸೊಲ್ಲಾಪುರದಿಂದ ಗಾಲಿಯ ನಡೆಗಾಡಿ ತಂದು ಇಳಿಸಿದ್ದಾನೆ. ಕೊನೆಗೆ ಆ ಸೋದರಿ ಕೇಳಿರುವುದು ಇಷ್ಟೇ: "ದೊಡ್ಡವರಿಗೆ ಓಡಿಸಿ, ಜಿಗಿಸಿ ಪರೀಕ್ಷೆ ಮಾಡುವಂತೆ ಸಣ್ಣ ಕೂಸಿನ ದೇಹಶಕ್ತಿಯನ್ನು ಅಳೆಯುವ ಪರೀಕ್ಷೆ ಏನಾದರೂ ಉಂಟೇ? ಇದ್ದರೆ ಮಾಡಿಸಿ ಎಲ್ಲರ ಬಾಯಿ ಮುಚ್ಚಿಸುತ್ತೇನೆ."

ಬಾಯಿ ಮುಚ್ಚಿಸುವ ಪರೀಕ್ಷೆ ಯಾವುದೂ ಇಲ್ಲ ತಂಗಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಪ್ರಶ್ನೆ ಒಳ್ಳೆಯದು. ನಾನು ವೈದ್ಯಳಲ್ಲ, ಕಿರಾಣಿ ಅಂಗಡಿಯ ಮನೆಯ ಸೊಸೆ. ಇಪ್ಪತ್ತೆರಡು ವರ್ಷ ಬಾಲವಾಡಿ ನಡೆಸಿದ್ದೇನೆ. ಕೂಸುಗಳನ್ನು ನೋಡುವ ರೂಢಿ ಕಣ್ಣಿಗಿದೆ, ಲೆಕ್ಕ ಇಡುವ ರೂಢಿ ಕೈಗಿದೆ. ಆ ಎರಡರ ಬಲದ ಮೇಲೆ, ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ದೊಡ್ಡವರ ಪರೀಕ್ಷೆಗೂ ಸಣ್ಣವರ ಪರೀಕ್ಷೆಗೂ ಇರುವ ವ್ಯತ್ಯಾಸ ನೋಡಿ. "ಓಡು" ಎಂದರೆ ಓಡಬೇಕು, "ನಿನ್ನ ಕೈಲಾದಷ್ಟು ಜೋರಾಗಿ ಹಿಚುಕು" ಎಂದರೆ ಹಿಚುಕಬೇಕು; ಆಗಲೇ ಅಳತೆಗೆ ಅರ್ಥ. ಎರಡು ವರ್ಷದ ಕೂಸಿಗೆ "ಓಡು" ಎಂದು ಹೇಳಿ ನೋಡಿ. ಎರಡು ಹೆಜ್ಜೆ ಓಡಿ ಇರುವೆ ನೋಡುತ್ತಾ ಕೂತುಬಿಡುತ್ತದೆ. ಅದು ಶಕ್ತಿ ಸಾಲದೆ ಕೂತಿತೋ, ಇರುವೆ ಚಂದ ಕಂಡು ಕೂತಿತೋ? ಯಾವ ಯಂತ್ರ ಹೇಳೀತು? ಮೂರು ವರ್ಷ ದಾಟಿದ ಮೇಲೆ ಮಾತ್ರ ಕೆಲವು ಪರೀಕ್ಷೆಗಳಿವೆ. ಸ್ಪೇನಿನ ಸಂಶೋಧಕರು ಮೂರರಿಂದ ಐದು ವರ್ಷದ ಮಕ್ಕಳಿಗಾಗಿ 'ಪ್ರೆಫಿಟ್' ಎಂಬ ಪರೀಕ್ಷೆಗಳ ಒಂದು ಕಟ್ಟನ್ನು ರೂಪಿಸಿದ್ದಾರೆ. ಅದರಲ್ಲಿ ಇಪ್ಪತ್ತು ಮೀಟರು ಅತ್ತಿತ್ತ ಓಡುವುದು, ನಿಂತಲ್ಲಿಂದ ಮುಂದಕ್ಕೆ ಜಿಗಿಯುವುದು, ಕೈ ಹಿಡಿತ, ಒಂಟಿಕಾಲಿನ ಮೇಲೆ ನಿಲ್ಲುವುದು ಎಲ್ಲ ಉಂಟು. ಅಲ್ಲಿಯೂ ಮಕ್ಕಳನ್ನು ಒಂಟಿಯಾಗಿ ಓಡಿಸಿದರೆ ನಡೆಯುವುದಿಲ್ಲವೆಂದು ಪರೀಕ್ಷೆ ಮಾಡುವವರೇ ಜೊತೆಗೆ ಓಡುತ್ತಾರೆ! ಮೂರರ ಕೆಳಗಿನವರಿಗೆ ಇದೂ ಸಲ್ಲದು. ಅವರಲ್ಲಿ ಅಳೆಯಬೇಕಾದ್ದು ಬೇರೆ. ಮೈ ಹೇಗೆ ಬೆಳೆಯುತ್ತಿದೆ, ಕೈಕಾಲಿನ ಕೆಲಸ ಯಾವ ಹೊತ್ತಿಗೆ ಬಂತು, ಹೇಗೆ ಬಂತು, ದಿನದಲ್ಲಿ ಎಷ್ಟು ಹೊತ್ತು ಮೈ ಅಲುಗುತ್ತಿದೆ ಎಂಬುದು.

ಮೊದಲು ತೂಕ. ನಮ್ಮ ಮನೆಗಳಲ್ಲಿ ಸಾಸಿವೆಯಿಂದ ಹಿಡಿದು ಬೆಲ್ಲದ ಪೆಂಟೆಯವರೆಗೆ ತೂಗದೆ ಒಳಗೆ ಬರುವುದೂ ಇಲ್ಲ, ಹೊರಗೆ ಹೋಗುವುದೂ ಇಲ್ಲ. ಕೂಸನ್ನು ತೂಗಲು ಮಾತ್ರ ಹೆದರಿಕೆ. "ದೃಷ್ಟಿ ತಾಗತೈತಿ" ಎನ್ನುವ ಹಿರಿಯರು ಇಂದಿಗೂ ಇದ್ದಾರೆ. ತೂಗಿದ್ದರಿಂದ ಅಡಕೆ ಕರಗಿದ್ದನ್ನು ನಾನು ಕಾಣೆ, ಕೂಸು ಕರಗಿದ್ದನ್ನೂ ಕಾಣೆ. ಪತ್ರ ಬರೆದ ಸೋದರಿಯ ಮಾವನವರು ಕಾಟಾದ ಮೇಲೆ ಕೂರಿಸಿದ್ದು ಒಳ್ಳೆಯದೇ ಆಯಿತು. ತಪ್ಪಾದದ್ದು, ಒಂದು ದಿನದ ತೂಕ ನೋಡಿ ತೀರ್ಪು ಕೊಟ್ಟದ್ದು. ಒಂದು ದಿನದ ಗಲ್ಲಾ ಎಣಿಸಿ ಅಂಗಡಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಎಂದು ಯಾವ ವ್ಯಾಪಾರಿಯೂ ಹೇಳುವುದಿಲ್ಲವಷ್ಟೆ? ಕೂಸಿಗೂ ಕಿರ್ದಿ ಬೇಕು. ತಿಂಗಳಿಗೊಮ್ಮೆ, ಆದಷ್ಟು ಅದೇ ಹೊತ್ತಿಗೆ, ಅಂಗಿ-ಚಡ್ಡಿ ಕಳಚಿ, ಅದೇ ಕಾಟಾದ ಮೇಲೆ. ಕೂಸು ಕೂರದೆ ಹಟ ಮಾಡಿದರೆ ನೀವು ಎತ್ತಿಕೊಂಡು ನಿಂತು ತೂಗಿ, ಆಮೇಲೆ ನೀವೊಬ್ಬರೇ ನಿಂತು ತೂಗಿ ಕಳೆಯಿರಿ. ನೂರು ಗ್ರಾಂವರೆಗೆ ತೋರಿಸುವ ಕಾಟಾ ಇದ್ದರೆ ಸಾಕು.

ಬರೆದ ಅಂಕಿಯನ್ನು ತಾಯಿ-ಮಗುವಿನ ಕಾರ್ಡಿನಲ್ಲಿರುವ ಗೆರೆಗಳ ಮೇಲೆ ಚುಕ್ಕೆ ಇಟ್ಟು ಸೇರಿಸಬೇಕು. ಈ ಗೆರೆಗಳ ಹಿಂದೆ ಒಂದು ಕತೆಯುಂಟು. ಮೊದಲಿನ ಕಾರ್ಡುಗಳಿಗೆ ಆಧಾರವಾಗಿದ್ದದ್ದು ಅಮೆರಿಕದ ಮಕ್ಕಳ ಲೆಕ್ಕ, ಅದರಲ್ಲೂ ಬಾಟಲಿ ಹಾಲು ಕುಡಿದವರೇ ಹೆಚ್ಚು. ಅದು ಸರಿಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ಊರುಗಳಲ್ಲಿ ಸುಮಾರು ಎಂಟೂವರೆ ಸಾವಿರ ಮಕ್ಕಳನ್ನು ಅಳೆಯಿತು. ಬ್ರೆಜಿಲಿನ ಪೆಲೋಟಾಸ್, ಘಾನಾದ ಆಕ್ರಾ, ಒಮಾನಿನ ಮಸ್ಕತ್, ನಾರ್ವೆಯ ಓಸ್ಲೋ, ಅಮೆರಿಕದ ಡೇವಿಸ್, ಮತ್ತು ನಮ್ಮ ದಿಲ್ಲಿ. ಎಲ್ಲವೂ ತಾಯಿ ಹಾಲು ಕುಡಿದ, ಚೆನ್ನಾಗಿ ನೋಡಿಕೊಂಡ ಕೂಸುಗಳು. ನೋಡಿದರೆ, ದಿಲ್ಲಿಯ ಕೂಸಿಗೂ ಓಸ್ಲೋದ ಕೂಸಿಗೂ ಬೆಳೆಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! 2006ರಲ್ಲಿ ಆ ಲೆಕ್ಕ ಪ್ರಕಟವಾಯಿತು, 2008ರಿಂದ ನಮ್ಮ ಅಂಗನವಾಡಿಗಳಿಗೂ ಬಂತು. "ನಮ್ಮ ಮಂದಿ ಸಣ್ಣವರೇ ಬಿಡ್ರಿ" ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಆ ಲೆಕ್ಕದಂತೆ ಒಂದು ವರ್ಷದ ಗಂಡು ಮಗುವಿನ ನಡುಮಟ್ಟದ ತೂಕ 9.6 ಕಿಲೋ, ಹೆಣ್ಣು ಮಗುವಿನದು 8.9. ಎರಡು ವರ್ಷಕ್ಕೆ 12.2 ಮತ್ತು 11.5. ಇದು ನಡುಮಟ್ಟ, ಅರ್ಧ ಮಕ್ಕಳು ಇದರ ಕೆಳಗೇ ಇರುತ್ತಾರೆ. ಎರಡು ವರ್ಷಕ್ಕೆ ಗಂಡು 9.7ಕ್ಕಿಂತ, ಹೆಣ್ಣು 9 ಕಿಲೋಗಿಂತ ಕೆಳಗಿದ್ದರೆ ಅದು ಕಡಿಮೆ ತೂಕ. ಈಗ ಒಂದು ಕಳೆಯುವ ಲೆಕ್ಕ ಮಾಡಿ. ಗಂಡು ಕೂಸು 3.3 ಕಿಲೋ ಹುಟ್ಟಿ ಮೊದಲ ವರ್ಷದಲ್ಲಿ ಆರು ಕಿಲೋ ಮೇಲೆ ಏರುತ್ತದೆ, ಎರಡನೆಯ ವರ್ಷದಲ್ಲಿ ಎರಡೂವರೆ ಕಿಲೋ ಮಾತ್ರ. ಒಂದು ವರ್ಷ ದಾಟಿದ ಮೇಲೆ "ಕೂಸು ಉಣ್ಣಂಗಿಲ್ಲ, ಮೈ ಹಿಡಿಯಂಗಿಲ್ಲ" ಎಂದು ಮನೆಮನೆಯಲ್ಲೂ ಕೇಳಿಬರುವ ಗೋಳಿಗೆ ಮುಕ್ಕಾಲು ಪಾಲು ಕಾರಣ ಇದೇ. ಕೂಸು ನಿಧಾನವಾಗಿ ಏರುವ ಕಾಲಕ್ಕೆ ಬಂದಿದೆ, ಮನೆಯವರು ಹಳೆಯ ದರದಲ್ಲೇ ಲೆಕ್ಕ ಹಾಕುತ್ತಿದ್ದಾರೆ. ಹದಿನಾಲ್ಕು ತಿಂಗಳಿಗೆ ಒಂಬತ್ತು ಮುಕ್ಕಾಲು ಕಿಲೋ ಕಡಿಮೆಯೇನಲ್ಲ ಎಂದು ನಿಮ್ಮ ಮಾವನವರಿಗೆ ತಿಳಿಸಿ.

ಉದ್ದ ಅಳೆಯುವಾಗ ಎರಡು ವರ್ಷದೊಳಗಿನವರನ್ನು ಮಲಗಿಸಿ, ಆಮೇಲೆ ನಿಲ್ಲಿಸಿ ಅಳೆಯಬೇಕು. ಅದೇ ಮಗು ನಿಂತಾಗ ಮಲಗಿದ್ದಕ್ಕಿಂತ ಸುಮಾರು 0.7 ಸೆಂಟಿಮೀಟರು ಗಿಡ್ಡ ಕಾಣುತ್ತದೆ. ಹಿಂದಿನ ತಿಂಗಳಿಗಿಂತ ಉದ್ದ ಇಳಿದಿದೆ ಎಂದು ಒಬ್ಬರು ಗಾಬರಿಯಾಗಿ ಬಂದದ್ದುಂಟು.

ತೋಳಿನ ಪಟ್ಟಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ನಮ್ಮವರಲ್ಲಿ ಅನೇಕರು ಅದನ್ನು ಕಂಡೇ ಇಲ್ಲ. ಕೆಂಪು, ಹಳದಿ, ಹಸಿರು ಬಣ್ಣದ ಅಗ್ಗದ ಪಟ್ಟಿ ಅದು. ಅಂಗನವಾಡಿಯವರ ಕೈಯಲ್ಲಿ ಇರುತ್ತದೆ. ಭುಜದ ತುದಿಗೂ ಮೊಣಕೈಗೂ ನಟ್ಟನಡುವೆ, ಎಡಗೈಯನ್ನು ಸಡಿಲವಾಗಿ ಇಳಿಬಿಟ್ಟು, ಬಿಗಿಯದೆ ಸುತ್ತಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 12.5 ಸೆಂಟಿಮೀಟರಿನ ಮೇಲಿದ್ದರೆ ಹಸಿರು. 11.5ಕ್ಕೂ 12.5ಕ್ಕೂ ನಡುವೆ ಹಳದಿ. 11.5ರ ಕೆಳಗೆ ಕೆಂಪು, ಅಂದರೆ ಅದೇ ದಿನ ದವಾಖಾನೆ. ಒಂದು ವರ್ಷದ ಕೂಸಿಗೂ ನಾಲ್ಕು ವರ್ಷದ ಮಗುವಿಗೂ ಒಂದೇ ಗೆರೆ ಹೇಗೆ ಎಂದು ನೀವು ಕೇಳಬಹುದು. ಆ ವಯಸ್ಸಿನಲ್ಲಿ ತೋಳಿನ ಕೊಬ್ಬು ಇಳಿಯುತ್ತಾ, ಮಾಂಸಖಂಡ ಏರುತ್ತಾ ಹೋಗುವುದರಿಂದ ಸುತ್ತಳತೆ ಹೆಚ್ಚು ಬದಲಾಗುವುದಿಲ್ಲ. ಇಂಥ ಪಟ್ಟಿಗೆ ಬಾಗ್ದಾದಿನ ವೈದ್ಯ ಶಾಕಿರ್ ಅವರ ಹೆಸರಿನಿಂದ 'ಶಾಕಿರ್ ಪಟ್ಟಿ' ಎಂದೇ ಕರೆಯುತ್ತಿದ್ದರು. ವಯಸ್ಸು ಗೊತ್ತಿಲ್ಲದ, ಓದು ಬಾರದ ಕಡೆಯಲ್ಲೂ ಬಣ್ಣ ನೋಡಿ ಹೇಳಬಹುದಾದ ಅಳತೆ ಅದು.

ಅಂಗನವಾಡಿ ಎಂದ ಕೂಡಲೇ ನಮ್ಮವರ ಮುಖ ಸಣ್ಣದಾಗುತ್ತದೆ. "ಅದು ಬಡವರ ಮಕ್ಕಳಿಗ್ರೀ" ಎಂಬ ಮಾತು. 1975ರ ಅಕ್ಟೋಬರ್ 2ರಂದು ಆ ಯೋಜನೆ ಆರಂಭವಾದಾಗಿನಿಂದ ತೂಕ ನೋಡುವ ಕೆಲಸ ನಡೆದೇ ಇದೆ. ಪೇಟೆಯ ಮಗು ಆ ಕಾಟಾದ ಮೇಲೆ ಕೂರಬಾರದೆಂದು ಯಾರೂ ಬರೆದಿಲ್ಲ. ದುಡ್ಡಿರುವ ಮನೆಯ ಮಕ್ಕಳು ಜ್ವರ ಬಂದಾಗ ಮಾತ್ರ ವೈದ್ಯರ ಬಳಿಗೆ ಹೋಗುತ್ತಾರೆ. ಜ್ವರದ ದಿನ ಯಾರು ಬೆಳವಣಿಗೆ ನೋಡುತ್ತಾರೆ?

ಇನ್ನು ಕೈಕಾಲಿನ ಕೆಲಸ. ಅದೇ ಆರು ಊರುಗಳಲ್ಲಿ ಬ್ರೆಜಿಲಿನದನ್ನು ಬಿಟ್ಟು ಉಳಿದ ಐದರಲ್ಲಿ 816 ಕೂಸುಗಳು ಯಾವಾಗ ಕೂತವು, ಯಾವಾಗ ನಿಂತವು, ಯಾವಾಗ ನಡೆದವು ಎಂದು ಬರೆದಿಟ್ಟರು. ಆಧಾರವಿಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳ ನಡುವೆ. ಅಂಬೆಗಾಲು 5.2ರಿಂದ 13.5. ಹಿಡಿದುಕೊಂಡು ನಡೆಯುವುದು 5.9ರಿಂದ 13.7. ತಾನೇ ನಿಲ್ಲುವುದು 6.9ರಿಂದ 16.9. ತಾನೇ ನಡೆಯುವುದು 8.2ರಿಂದ 17.6. ನೂರರಲ್ಲಿ ಒಂದು ಮಗು ಮಾತ್ರ ಇದಕ್ಕಿಂತ ಮೊದಲು, ಒಂದು ಮಗು ಮಾತ್ರ ಇದಕ್ಕಿಂತ ತಡ. ಎಷ್ಟು ಅಗಲದ ಬಾಗಿಲು ನೋಡಿ! ಎಂಟು ತಿಂಗಳಿಗೆ ನಡೆದವನೂ ಅದೇ ಬಾಗಿಲಿನಿಂದ ಬರುತ್ತಾನೆ, ಹದಿನೇಳು ತಿಂಗಳಿಗೆ ನಡೆದವನೂ ಅದೇ ಬಾಗಿಲಿನಿಂದ. ಹತ್ತು ತಿಂಗಳಿಗೆ ನಡೆದ ಮೈದುನನ ಮಗ ಮುಂದೆ ಹೆಚ್ಚು ಓಡುತ್ತಾನೆಂದಾಗಲಿ, ಹದಿನಾಲ್ಕಕ್ಕೂ ಗೋಡೆ ಹಿಡಿದಿರುವ ನಿಮ್ಮ ಮಗ ಹಿಂದುಳಿದಿದ್ದಾನೆಂದಾಗಲಿ ಇದರಿಂದ ಹೇಳಲು ಬರುವುದಿಲ್ಲ. ಅಂದ ಹಾಗೆ, ನೂರಕ್ಕೆ ನಾಲ್ಕರಷ್ಟು ಕೂಸುಗಳು ಅಂಬೆಗಾಲು ಇಡದೆಯೇ ನೇರವಾಗಿ ಎದ್ದು ನಿಂತವು. ದಿನ ತುಂಬದೆ ಹುಟ್ಟಿದ ಕೂಸಾದರೆ ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ತಿಂಗಳು ಎಣಿಸಬೇಕು. ಎರಡು ವರ್ಷದವರೆಗೂ ಹಾಗೆಯೇ.

ನಮ್ಮ ದೇಶದಲ್ಲೂ ಇಂಥ ಅಳತೆಪಟ್ಟಿಗಳಿವೆ. ಬರೋಡೆಯಲ್ಲಿ ಪ್ರಮೀಳಾ ಫಾಟಕ್ ಅವರು ಭಾರತದ ಕೂಸುಗಳಿಗಾಗಿಯೇ ಒಂದನ್ನು ಸಿದ್ಧಪಡಿಸಿದರು. ಅದು ತರಬೇತಿ ಪಡೆದವರ ಕೆಲಸ. ತಿರುವನಂತಪುರದ ಶಿಶು ಬೆಳವಣಿಗೆ ಕೇಂದ್ರದವರು ಹದಿನೇಳೇ ಅಂಶಗಳ ಒಂದು ಪಟ್ಟಿ ಮಾಡಿದ್ದಾರೆ. ಎರಡು ವರ್ಷದೊಳಗಿನವರಿಗೆ ಆರೋಗ್ಯ ಕಾರ್ಯಕರ್ತೆಯೇ ಐದು-ಹತ್ತು ನಿಮಿಷದಲ್ಲಿ ನೋಡಿ ಮುಗಿಸಬಹುದು. ಕಾಸರಗೋಡು, ವಯನಾಡಿನ ಓದುಗರು ಅಲ್ಲಿ ಕೇಳಿ ನೋಡಲಿ.

ಇಷ್ಟನ್ನು ಓದಿ "ಹಾಗಾದರೆ ಬಾಗಿಲು ಅಗಲವಿದೆ, ನೆಮ್ಮದಿಯಾಗಿ ಕೂರೋಣ" ಎಂದುಕೊಳ್ಳಬೇಡಿ. ಯಾವಾಗ ನಡೆಯಿತು ಎಂದು ಬರೆದಿಟ್ಟರೆ ಸಾಲದು, ಹೇಗೆ ನಡೆಯಿತು ಎಂದೂ ನೋಡಬೇಕು. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಬರೆಯಲು ಕೈ ಹಿಂದೆಗೆಯುತ್ತದೆ, ಆದರೂ ಬರೆಯುತ್ತೇನೆ.

ನನ್ನ ಮೈದುನನ ಮೊಮ್ಮಗಳು 2011ರಲ್ಲಿ ಹುಟ್ಟಿದಳು. ಚೊಚ್ಚಲು. ಹೊಟ್ಟೆಯಲ್ಲಿ ಕೂಸು ಕೆಳಮುಖವಾಗಿ ತಿರುಗಿರಲಿಲ್ಲವೆಂದು ಸೊಲ್ಲಾಪುರದಲ್ಲಿ ಆಪರೇಶನ್ ಮಾಡಿ ತೆಗೆದರು. ಮನೆಗೆ ತಂದ ಮೇಲೆ ನಮ್ಮ ರೂಢಿಯಂತೆ ಕಾಲು ನೆಟ್ಟಗೆ ಚಾಚಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುತ್ತಿದ್ದೆವು. ಕಾಲು ಸೊಟ್ಟ ಆಗಬಾರದಲ್ಲ! ತೂಕ ಬಂಗಾರದಂತೆ ಏರಿತು. ತಿಂಗಳು ತಿಂಗಳು ನಾನೇ ತೂಗಿ ಬರೆದೆ, ಎಲ್ಲರಿಗೂ ತೋರಿಸಿ ಹೆಮ್ಮೆಪಟ್ಟೆ. ಐದನೆಯ ತಿಂಗಳಲ್ಲಿ ಒಂದು ದಿನ ಅವಳ ತಾಯಿ ಚಡ್ಡಿ ಬದಲಿಸುತ್ತಾ, "ದೊಡ್ಡತ್ತಿ, ಇಲ್ಲಿ ನೋಡ್ರಿ, ಎಡಗಾಲು ಪೂರಾ ಬಿಚ್ಚಂಗಿಲ್ರಿ. ತೊಡಿ ಮ್ಯಾಲಿನ ಮಡಿಕಿನೂ ಎರಡೂ ಕಡೆ ಒಂದೇ ನಮೂನಿ ಇಲ್ಲ" ಅಂದಳು. ಅವಳು ಮನೆಗೆ ಬಂದು ಎರಡು ವರ್ಷವಾಗಿರಲಿಲ್ಲ, ಇಪ್ಪತ್ತೆರಡರ ಹುಡುಗಿ. ನಾನು ಬಾಲವಾಡಿಯ ಬಾಯಿ! ನೋಡದೆಯೇ "ಎಣ್ಣಿ ಹಚ್ಚಿ ತಿಕ್ಕು, ಸಡಿಲಾಗತೈತಿ" ಅಂದುಬಿಟ್ಟೆ.

ಹದಿನೈದು ತಿಂಗಳಿಗೆ ಹುಡುಗಿ ನಡೆದಳು. ಬಾಗಿಲು ಅಗಲವಿದೆ ಎಂದೆನಲ್ಲ, ಅದರೊಳಗೇ ಬಂದಳು. ಆದರೆ ಎಡಕ್ಕೆ ವಾಲಿ ವಾಲಿ ನಡೆಯುತ್ತಿದ್ದಳು. ನಾವೆಲ್ಲ ಚಪ್ಪಾಳೆ ತಟ್ಟಿ "ಬಾತುಕೋಳಿ ಬಂತು, ಬಾತುಕೋಳಿ ಬಂತು" ಎಂದು ನಕ್ಕೆವು. ಮೊದಲು ನಕ್ಕವಳು ನಾನೇ. ನೋವಿಲ್ಲ, ಅಳುವಿಲ್ಲ, ಯಾರಿಗೆ ಅನುಮಾನ ಬರಬೇಕು? ತಾಯಿ ಮಾತ್ರ ಬಿಡಲಿಲ್ಲ. ಊರಿನ ಒಬ್ಬ ಡಾಕ್ಟರರಿಗೆ ತೋರಿಸಿದಾಗ ಕ್ಯಾಲ್ಸಿಯಂ ಕಡಿಮೆಯೆಂದು ಔಷಧಿ ಬಾಟಲಿ ಬರೆದುಕೊಟ್ಟರು. ನಾಲ್ಕು ಬಾಟಲಿ ಮುಗಿದವು. ಇಪ್ಪತ್ತೆರಡನೆಯ ತಿಂಗಳಲ್ಲಿ ಮಿರಜಿಗೆ ಹೋದಾಗ ಎಲುಬಿನ ಡಾಕ್ಟರು ಅವಳನ್ನು ಹಜಾರದಲ್ಲಿ ಒಂದು ಸಲ ನಡೆಸಿ ನೋಡಿದರು, ಎಕ್ಸ್‌ರೇ ತೆಗೆಸಿದರು. ತೊಡೆ ಎಲುಬಿನ ಗುಂಡು ಅದರ ಬಟ್ಟಲಿನಲ್ಲಿ ಕೂತೇ ಇರಲಿಲ್ಲ. "ಇದು ಮೊದಲು ಗೊತ್ತಾದದ್ದು ಯಾವಾಗ?" ಎಂದು ಕೇಳಿದರು. ಸೊಸೆ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ, "ಐದು ತಿಂಗಳದಾಗ ರೀ" ಅಂದಳು.

ಆರು ತಿಂಗಳೊಳಗೆ ತಂದಿದ್ದರೆ ಪಟ್ಟಿಯ ಒಂದು ಸರಂಜಾಮು ತೊಡಿಸಿ, ಕಾಲನ್ನು ಕಪ್ಪೆಯಂತೆ ಅಗಲಿಸಿ ಇಟ್ಟು ಸರಿಮಾಡಬಹುದಿತ್ತು. ಬಹಳ ಮಕ್ಕಳಿಗೆ ಅಷ್ಟರಲ್ಲೇ ಗುಣವಾಗುತ್ತದೆ. ನಡೆಯುವ ವಯಸ್ಸು ದಾಟಿದ್ದರಿಂದ ಆಪರೇಶನ್ ಆಗಬೇಕಾಯಿತು. ಸೊಂಟದಿಂದ ಕಾಲಿನವರೆಗೆ ಮೂರು ತಿಂಗಳು ಪ್ಲಾಸ್ಟರು. ಅದು ಬೇಸಗೆ. ಪ್ಲಾಸ್ಟರಿನೊಳಗೆ ತುರಿಕೆಯಾಗಿ ರಾತ್ರಿಯೆಲ್ಲ ಅಳುತ್ತಿದ್ದಳು. ತಾಯಿ ಹೊರಗಿನಿಂದ ಬೀಸಣಿಗೆ ಹಾಕುತ್ತಾ ಕೂತಿರುತ್ತಿದ್ದಳು. ಈಗ ಹುಡುಗಿ ನಡೆಯುತ್ತಾಳೆ, ಓಡುತ್ತಾಳೆ. ಬಹಳ ಹೊತ್ತು ನಿಂತರೆ ಸೊಂಟ ಹಿಡಿದುಕೊಳ್ಳುತ್ತಾಳೆ.

ಈ ತೊಂದರೆ ಹೆಣ್ಣು ಕೂಸುಗಳಲ್ಲಿ, ಚೊಚ್ಚಲಿನಲ್ಲಿ, ಕುಂಡೆ ಕೆಳಗಾಗಿ ಹುಟ್ಟಿದವರಲ್ಲಿ ಹೆಚ್ಚು. ಆ ಮೂರೂ ನಮ್ಮ ಹುಡುಗಿಯಲ್ಲಿ ಇದ್ದವು. ಕಾಲು ನೀಟಾಗಿ ಚಾಚಿಸಿ ಬಿಗಿದು ಸುತ್ತುವುದರಿಂದ ಇನ್ನೂ ಕೆಡುತ್ತದೆ. ಜಪಾನಿನಲ್ಲಿ 1975ರ ಸುಮಾರಿಗೆ ಹಾಗೆ ಸುತ್ತಬೇಡಿ ಎಂದು ದೇಶದಲ್ಲೆಲ್ಲ ತಿಳಿಹೇಳಿದ ಮೇಲೆ ಈ ತೊಂದರೆ ಬಹಳ ಇಳಿಯಿತು. ನಮ್ಮ ಹೆಂಗಸರು ಕೂಸನ್ನು ಬಗಲಲ್ಲಿ ಕಾಲು ಅಗಲಿಸಿ ಕೂರಿಸಿಕೊಳ್ಳುವ ರೂಢಿ ಮಾತ್ರ ಬಹಳ ಒಳ್ಳೆಯದು, ಅದನ್ನು ಬಿಡಬೇಡಿ. ಸುತ್ತಲೇಬೇಕೆಂದರೆ ಕೈ, ಎದೆ ಸುತ್ತಿ. ಕಾಲಿಗೆ ಒದೆಯುವಷ್ಟು ಜಾಗವಿರಲಿ.

ನಾನು ಆಗ ನೋಡದೆ ಹೋದದ್ದನ್ನು ನೀವು ನೋಡಿರಿ. ಒಂದು ತೊಡೆ ಕಡಿಮೆ ಬಿಚ್ಚುತ್ತದೆಯೇ? ಕುಂಟು, ವಾಲುವ ನಡಿಗೆ ಉಂಟೇ? ಒಂದು ವರ್ಷದೊಳಗೇ ಒಂದೇ ಕೈಯಿಂದ ಎಲ್ಲ ಹಿಡಿಯುತ್ತಾ ಇನ್ನೊಂದನ್ನು ಮುಷ್ಟಿ ಕಟ್ಟಿ ಇಡುತ್ತದೆಯೇ? "ನಮ್ಮ ಕೂಸು ಈಗಲೇ ಎಡಚ" ಎಂದು ನಗಬೇಡಿ, ಆ ವಯಸ್ಸಿಗೆ ಎಡಚ-ಬಲಚ ಇರುವುದಿಲ್ಲ. ಯಾವಾಗಲೂ ತುದಿಗಾಲಿನ ಮೇಲೇ ನಡೆಯುತ್ತದೆಯೇ? ಮೂರು ವರ್ಷವಾದರೂ ನೆಲದಿಂದ ಏಳುವಾಗ ತನ್ನದೇ ತೊಡೆಗಳ ಮೇಲೆ ಕೈಯೂರಿ ಏಣಿ ಹತ್ತಿದಂತೆ ಮೇಲೇಳುತ್ತದೆಯೇ? ಇಂಗ್ಲೆಂಡಿನ ವೈದ್ಯ ಗೋವರ್ಸ್ 1879ರಲ್ಲಿ ವಿವರಿಸಿದ ಚಿಹ್ನೆ ಇದು. ಗಂಡು ಹುಡುಗರಲ್ಲಿ ಮಾಂಸಖಂಡ ಸವೆಯುವ ಒಂದು ರೋಗ ಮೊದಲು ಹೀಗೆ ಕಾಣಿಸಿಕೊಳ್ಳುತ್ತದೆ. ಮೀನಖಂಡ ದಪ್ಪಗಿರುವುದರಿಂದ ಮನೆಯವರು "ಪೈಲವಾನನ ಕಾಲು" ಎಂದು ಮೆಚ್ಚಿಕೊಳ್ಳುತ್ತಿರುತ್ತಾರೆ. ನಾಲ್ಕು ಹೆಜ್ಜೆ ಓಡಿ ಏದುಸಿರು ಬಿಟ್ಟು ಕುಕ್ಕರುಗಾಲಿನಲ್ಲಿ ಕೂತುಕೊಳ್ಳುವುದು, ತುಟಿ ನೀಲಿಯಾಗುವುದು ಕಂಡರೆ ಹೃದಯ ತೋರಿಸಿ. ಮೊದಲು ಬರುತ್ತಿದ್ದ ಕೆಲಸ ಆಮೇಲೆ ಮರೆತುಹೋಯಿತೆಂದರೆ ಒಂದು ದಿನವೂ ತಡಮಾಡಬೇಡಿ. 2013ರಿಂದ ಸರಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಬಂದು ನೋಡಬೇಕೆಂಬ ಏರ್ಪಾಡಿದೆ. ನಾನು ಹೇಳಿದ ಸೊಂಟದ ತೊಂದರೆ, ಹುಟ್ಟಿನಿಂದ ಬಂದ ಹೃದಯದ ತೊಂದರೆ ಎರಡೂ ಅವರ ಪಟ್ಟಿಯಲ್ಲಿವೆ.

ಕಸುವು ಕುಂದಲು ಇನ್ನೊಂದು ಸಾಮಾನ್ಯ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದರೊಳಗಿನ ನೂರು ಮಕ್ಕಳಲ್ಲಿ 67 ಮಂದಿಗೆ ಅದು ಕಂಡಿತು. ಉಳ್ಳವರ ಮನೆಗಳೂ ಇದರ ಹೊರಗಿಲ್ಲ. ನಮ್ಮಲ್ಲಿ ಕೂಸು ಒಂದು ತುತ್ತು ಬೇಡವೆಂದರೆ ಸಾಕು, ಒಂದು ಲೋಟ ಹಾಲು. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುವ ಕೂಸಿಗೆ ಹೊಟ್ಟೆ ತುಂಬಿ ಅನ್ನ-ಬೇಳೆ ಇಳಿಯುವುದಿಲ್ಲ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಮೈ ತುಂಬಿಕೊಂಡು ಬೆಳ್ಳಗೆ ಕಾಣುವ ಕೂಸನ್ನು "ಹಾಲಿನಂಗ ಐತಿ" ಎಂದು ಮುದ್ದಿಸುವಾಗ ಒಮ್ಮೆ ಕೆಳರೆಪ್ಪೆ ಎಳೆದು ನೋಡಿ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಲ್ಲಿ ಹೆಸರು, ಮಡಕಿ, ಕಡಲೆ ಬೇಯಿಸಿ, ನುರಿದು, ಮೇಲೆ ನಿಂಬೆ ಹಿಂಡಿ ಕೊಡಿ. ಹುಳಿಯ ಜೊತೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಆರು ತಿಂಗಳಾದ ಕೂಸುಗಳಿಗೆ ವಾರಕ್ಕೆ ಎರಡು ಸಲ ಕೊಡುವ ಕಬ್ಬಿಣದ ದ್ರಾವಣ ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ.

ಈಗ ಆಟದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಒಂದು, ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಟ್ಟು 180 ನಿಮಿಷ ಮೈ ಅಲುಗುವ ಆಟ ಬೇಕು. ಮೂರು, ನಾಲ್ಕು ವರ್ಷದವರಿಗೂ ಅಷ್ಟೇ, ಆದರೆ ಅದರಲ್ಲಿ 60 ನಿಮಿಷ ಉಸಿರು ಏರುವಂಥ ಓಟ-ಜಿಗಿತ ಇರಬೇಕು. ಗಾಡಿಯಲ್ಲಾಗಲಿ, ಕುರ್ಚಿಯಲ್ಲಾಗಲಿ, ಸೊಂಟದ ಮೇಲಾಗಲಿ ಒಂದೇ ಸಮ ಒಂದು ಗಂಟೆಗಿಂತ ಹೆಚ್ಚು ಕಟ್ಟಿಹಾಕಬಾರದು. ಒಂದು ವರ್ಷದವರಿಗೆ ಮೊಬೈಲು, ಟೀವಿ ಬೇಡವೇ ಬೇಡ. ಎರಡರ ಮೇಲೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆಯಾದಷ್ಟು ಒಳ್ಳೆಯದು. ನಿದ್ದೆ ಹಗಲು-ರಾತ್ರಿ ಸೇರಿ ಒಂದೆರಡು ವರ್ಷದವರಿಗೆ 11ರಿಂದ 14 ಗಂಟೆ.

ನಮ್ಮ ಮನೆಗಳಲ್ಲಿ ಈ ಮೂರು ಗಂಟೆ ಆಗುತ್ತದೆಯೇ? ಕೂಡುಕುಟುಂಬದಲ್ಲಿ ಕೂಸಿನ ಕಾಲು ನೆಲಕ್ಕೆ ತಾಗುವುದೇ ಇಲ್ಲ. ಅಜ್ಜನ ಕೈಯಿಂದ ಕಾಕಾನ ಕೈಗೆ, ಅಲ್ಲಿಂದ ಅತ್ತಿಯ ಬಗಲಿಗೆ. ಸಂಜೆ ಅಂಗಡಿಗೆ ಒಯ್ದು ಗಾದಿಯ ಮೇಲೆ ಕೂರಿಸಿ, ಗಿರಾಕಿ ಹೆಚ್ಚಾದ ಹೊತ್ತಿಗೆ ಕೈಗೆ ಮೊಬೈಲು. ಕೂಸು ಅಳುವುದಿಲ್ಲ, ವ್ಯಾಪಾರ ಕೆಡುವುದಿಲ್ಲ. ಒಂದು ವಾರ ಮನೆಯ ಅಜ್ಜಿಯ ಕೈಗೆ ಒಂದು ವಹಿ ಕೊಡಿ. ಕೂಸು ನೆಲದ ಮೇಲೆ ತಾನಾಗಿ ಆಡಿದ ಹೊತ್ತು ಒಂದು ಕಡೆ, ಕೂರಿಸಿದ, ಎತ್ತಿದ ಹೊತ್ತು ಇನ್ನೊಂದು ಕಡೆ ಬರೆಯಲಿ. ಜಮಾ-ಖರ್ಚು ತಾನೇ ಗೊತ್ತಾಗುತ್ತದೆ. ಹೆಜ್ಜೆ ಎಣಿಸುವ ಕೈಪಟ್ಟಿಗೆ ದುಡ್ಡು ಹಾಕಬೇಡಿ. ಸಂಶೋಧಕರು ಸೊಂಟಕ್ಕೆ ಸಣ್ಣ ಯಂತ್ರ ಕಟ್ಟಿ ಮಕ್ಕಳ ಚಲನೆ ಅಳೆಯುವುದುಂಟು, ಆದರೆ ಮನೆಯಲ್ಲಿ ಆ ಪಟ್ಟಿ ಸ್ಕೂಟರಿನ ಕುಲುಕನ್ನೂ ಕೂಸಿನ ಹೆಜ್ಜೆಯೆಂದೇ ಎಣಿಸೀತು.

ಗಾಲಿಯ ನಡೆಗಾಡಿಯ ವಿಷಯ. ತಂದುಕೊಟ್ಟ ಸೋದರಮಾವನ ಪ್ರೀತಿಗೆ ನಮಸ್ಕಾರ, ಗಾಡಿಯನ್ನು ಮಾತ್ರ ಹಿಂದಕ್ಕೆ ಕಳಿಸಿ. ಅದರಲ್ಲಿ ಕೂತ ಕೂಸು ತುದಿಗಾಲಿನಿಂದ ನೂಕುವುದನ್ನು ಕಲಿಯುತ್ತದೆಯೇ ಹೊರತು ತನ್ನ ಭಾರ ಹೊತ್ತು ತೂಗಾಡುವುದನ್ನಲ್ಲ. ಅದರಲ್ಲಿ ಬೆಳೆದವರು ನಡೆಯುವುದು ಬೇಗವಲ್ಲ, ತುಸು ತಡ ಎಂದೇ ಕಂಡುಬಂದಿದೆ. ಮೆಟ್ಟಿಲಿನಿಂದ ಉರುಳುವ ಅಪಾಯಕ್ಕೆ ಹೆದರಿ ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಹಳೆಯ ಮೂರು ಗಾಲಿಯ ಕಟ್ಟಿಗೆಯ ತಳ್ಳುಗಾಡಿ ಇದೆಯಲ್ಲ, ಕೂಸು ನಿಂತು, ಹಿಡಿದು ತಳ್ಳುವಂಥದ್ದು, ಅದು ಬೇರೆ. ಅದಕ್ಕೆ ನನ್ನ ಅಡ್ಡಿಯಿಲ್ಲ. ಬಡಿಗನ ಬಳಿ ಮಾಡಿಸಿದರೆ ನಾಲ್ಕು ಮಕ್ಕಳಿಗೆ ಬರುತ್ತದೆ.

ಕೊನೆಗೆ ನಿಮ್ಮ ಅರ್ಧ ಪುಟದ ಪ್ರಶ್ನೆಗೆ, ತಂಗಿ. ಮಗನನ್ನು ಬರಿಗಾಲಿನಲ್ಲಿ ನೆಲಕ್ಕೆ ಬಿಡಿ. ಮೆಚ್ಚಿನ ಆಟಿಕೆಯನ್ನು ಗೋಡೆಯಿಂದ ಎರಡು ಹೆಜ್ಜೆ ದೂರ ಸ್ಟೂಲಿನ ಮೇಲೆ ಇಡಿ. ತೊಡೆ ಬಿಚ್ಚಿ ನೋಡಿ, ಎರಡೂ ಕೈ ಸಮನಾಗಿ ಬಳಸುತ್ತಾನೆಯೇ ನೋಡಿ. ನಿಮ್ಮ ಕಣ್ಣಿಗೆ ಏನಾದರೂ ಸರಿ ಕಾಣದಿದ್ದರೆ, ನನ್ನಂಥ ದೊಡ್ಡತ್ತಿ ಯಾರಾದರೂ ಎಣ್ಣೆ ತಿಕ್ಕು ಎಂದರೆ, ಕೇಳಬೇಡಿ. ನಾಳೆಯೇ ಮಕ್ಕಳ ಡಾಕ್ಟರರ ಬಳಿಗೆ ಹೋಗಿ. ಎಲ್ಲ ಸರಿಯಿದ್ದು ಹದಿನೆಂಟು ತಿಂಗಳು ತುಂಬಿದರೂ ತಾನಾಗಿ ನಡೆಯದಿದ್ದರೆ ಆಗಲೂ ಹೋಗಿ. ಅದಕ್ಕೆ ಇನ್ನು ನಾಲ್ಕು ತಿಂಗಳಿದೆ. ಅಷ್ಟರೊಳಗೆ ನಡೆದರೆ ನನಗೊಂದು ಕಾರ್ಡು ಹಾಕಿ. ಯಾವ ದಿನ ನಡೆದ ಎಂದು ಬೇಡ, ಹೇಗೆ ನಡೆಯುತ್ತಾನೆ ಎಂದು ಬರೆಯಿರಿ.